ಮಾವನ ಎದೆಗೂಡಿನ ಅಚ್ಚು

ನಮ್ಮ ಸೋದರಮಾವನಿಗೆ ಈ ಎಪ್ಪತ್ತು ವರ್ಷಗಳಲ್ಲಿ ಒಂದೇ ಒಂದು ಕಾಯಿಲೆಯೂ ಬಂದಿಲ್ಲ. ಬಂದವೆಲ್ಲ ಡಾಕ್ಟರುಗಳು ಹೇರಿ ಕಳಿಸಿದವು!

"ನಂಗೆಲ್ಲಿತ್ಲಾ ಸಕ್ಕರೆ ಕಾಯ್ಲೆ? ಚೆನ್ನಾಗೇ ಇದ್ದೆ. ರಕ್ತ ತಗಂಡ ಮೇಲೇ ಬಂದುದ್ದು. ಅವ್ರು ಕೊಟ್ಟುದ್ನ ಅಲ್ಲೇ ಬುಟ್ಟು ಬಂದೆ ಕಣ್ಲಾ" ಎಂದು ಗುಂಡ್ಲುಪೇಟೆಯ ತಮ್ಮ ಹುರುಳಿ ಮಂಡಿಯಲ್ಲಿ ಕೂತು, ಬಾದೂಷಾ ಕಚ್ಚುತ್ತಾ ಹೇಳುತ್ತಾರೆ. ನಾನೋ, ಒಂದು ಸೀನು ಬಂದರೂ ಉಯಿಲು ಬರೆಯಲು ಕಾಗದ ಹುಡುಕುವವನು. ನನ್ನಲ್ಲಿ ಲಕ್ಷಣಗಳಿವೆ, ಕಾಯಿಲೆಯಿಲ್ಲ. ಅವರಲ್ಲಿ ಕಾಯಿಲೆಗಳಿವೆ, ಆದರೆ ಲಕ್ಷಣಗಳಿಗೆ ಬಾಯಿ ಬಿಡುವ ಧೈರ್ಯವಿಲ್ಲ! ಏದುಸಿರು ಬಂದರೆ ಮೆಟ್ಟಿಲನ್ನು ಬೈಯುತ್ತಾರೆ. ಕಣ್ಣು ಮಂಜಾದರೆ ಪತ್ರಿಕೆಯವರು ಮಸಿ ಉಳಿಸುತ್ತಿದ್ದಾರಂತೆ!

ಈ ಸಲ ಊರಿಗೆಲ್ಲ ಬಂದ ವೈರಲ್ ಜ್ವರ ಮಾವನನ್ನೂ ಹಿಡಿಯಿತು. "ಬಿಸ್ಲು ಜಾಸ್ತಿ" ಎಂದರು. ಹೊರಗೆ ಮೋಡ! ಉಸಿರಿಗೇ ಪರದಾಡತೊಡಗಿದಾಗ ಅತ್ತೆಯೂ ನಾನೂ ಅವರನ್ನು ಕಾರಿಗೆ ಹಾಕಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದರು. ಶ್ವಾಸಕೋಶದ ಕೆಳಭಾಗದಲ್ಲಿ ಮಂಜು ಕವಿದಂತಿತ್ತು. ಮೇಲಿನ ತುದಿಯಲ್ಲಿ ಗಟ್ಟಿ ಕಲೆಗಳು ಬೇರೆ.

"ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ ತಾಯಿ."

ರಕ್ತದ ರಿಪೋರ್ಟು ಆಗಲೇ ಡಾಕ್ಟರಮ್ಮನ ಕೈಯಲ್ಲಿತ್ತು! "ಸುಳ್ಳು ಹೇಳಬೇಡಿ ಯಜಮಾನ್ರೇ. ಸಕ್ಕರೆ ಹತೋಟಿಯಲ್ಲಿ ಇಲ್ಲದೋರಿಗೆ ಈ ಮಂಜು ಹೆಚ್ಚು ಹರಡುತ್ತೆ. ಮೇಲಿನ ಕಲೆ ಹಳೇದೋ ಹೊಸದೋ ಅಂತಲೂ ಗೊತ್ತಾಗ್ಬೇಕು. ಹೊಸದಾದ್ರೆ ನಾನು ಕೊಡೋ ಔಷಧಿಯೇ ತೊಂದ್ರೆ ಮಾಡಬಹುದು. ಹಿಂದೆ ಟಿಬಿ ಆಗಿತ್ತಾ?"

ಮಾವ ಅತ್ತೆಯ ಮುಖ ನೋಡಿದರು. ಅವರ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು.

"ಇಲ್ಲ."

"ಇತ್ತು ತಾಯಿ" ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತಾ. "ಎಕ್ಸ್‌ರೇನೂ ಅದೆ. ಮಂಡಿನಲ್ಲಿ ಮೂಟೆಗೆ ಗುರ್ತು ಹಾಕೋ ಅಚ್ಚು ಅದೇಯ."

ಮಾವನದು ಎಂಥ ಬುದ್ಧಿ ನೋಡಿ! ಮದುವೆಗೆ ತುಸು ಮುಂಚೆ, ಟಿಬಿ ವಾಸಿಯಾದಾಗ ತೆಗೆಸಿದ ಎದೆಯ ಫಿಲ್ಮು ಅದು. ಎಸೆಯಲು ಮನಸ್ಸಿಲ್ಲ, ಮನೆಯಲ್ಲಿಡಲು ಧೈರ್ಯವಿಲ್ಲ. ಮಾವ ಅದರಲ್ಲಿ ತಮ್ಮ ಹೆಸರಿನ ಅಕ್ಷರ ಕೊರೆದು ಅಚ್ಚು ಮಾಡಿಬಿಟ್ಟಿದ್ದರು. ಹೆಂಡತಿಗೆ ತಿಳಿಯಬಾರದೆಂದು ಬಚ್ಚಿಟ್ಟ ಎದೆಗೂಡನ್ನು ದಿನವೂ ಮೂಟೆ ಮೂಟೆಯ ಮೇಲಿಟ್ಟು, ಮಸಿ ಬಳಿದು, ಲಾರಿಯಲ್ಲಿ ಕೇರಳಕ್ಕೆ ಕಳಿಸುತ್ತಿದ್ದರು!

ನಾನು ಗುಂಡ್ಲುಪೇಟೆಗೆ ಹಿಂತಿರುಗಿ ಅಚ್ಚನ್ನು ತಂದೆ. ದಾರಿಯುದ್ದಕ್ಕೂ ನನಗೂ ಕೆಮ್ಮು ಬಂದಂತಾಯಿತು, ಆ ಮಾತು ಬೇರೆ. ಡಾಕ್ಟರಮ್ಮ ಮಸಿ ಒರೆಸಿ ಬೆಳಕಿಗೆ ಹಿಡಿದರು. ಮಾವನ ಹೆಸರು ಪಕ್ಕೆಲುಬುಗಳನ್ನು ಸೀಳಿಕೊಂಡು ಹೋಗಿತ್ತು. ಮೇಲಿನ ತುದಿ ಮಾತ್ರ ಹಾಗೇ ಉಳಿದಿತ್ತು. ಅದೇ ಜಾಗ, ಅವೇ ಕಲೆಗಳು.

"ಹಳೇವೇ ಅನ್ಸುತ್ತೆ. ಕಫನೂ ಪರೀಕ್ಷೆ ಮಾಡಿಸ್ತೀನಿ. ಕೆಳಗಿನದಕ್ಕೆ ಈಗ್ಲೇ ಔಷಧಿ ಶುರು ಮಾಡೋಣ" ಎಂದು ಹೊರಟರು.

ಮಾವ ಆಕ್ಸಿಜನ್ ಮಾಸ್ಕ್ ಸರಿಸಿದರು.

"ನಿಂಗ್ ಯಾವಾಗ ಗೊತ್ತಾಯ್ತಮ್ಮಿ?"

"ಎಣ್ಣು ನೋಡಕ್ಕೆ ಬಂದಿದ್ರಲ್ಲ, ಅವತ್ತೇ."

"ಗೊತ್ತಿದ್ದೂ ಯಾಕ್ ಒಪ್ಕಂಡೆ?"

"ನಮ್ಮನೆ ತುಂಬ ಕೂಸುಗಳಿದ್ದೊ. ಕೆಮ್ಮು ಬಂದಾಗೆಲ್ಲ ಎದ್ದು ಬೀದಿ ತುದಿಗಂಟ ಓಗಿ, ಕೆಮ್ಮಿ ಬತ್ತಿದ್ರಿ. ಯಾರೂ ಯೋಳ್ಕೊಟ್ಟಿರ್ನಿಲ್ಲ. ಇವ್ರ ಜೊತೆ ಬಾಳ್ಬೋದು ಅನ್ನಿಸ್ತು."

ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಮಾಸ್ಕನ್ನು ಎಳೆದು ಅವರ ಮುಖಕ್ಕೆ ಹಾಕಿ, ದಾರ ಸರಿಮಾಡಿದ ಕೈಯನ್ನು ಅವರ ಕೆನ್ನೆಯ ಮೇಲೇ ಇಟ್ಟುಕೊಂಡು ಕುಳಿತರು.