ಇರಲಿ ಅಂತ ಏರಿಸಿದ ವೋಲ್ಟು

ಯಾವುದೇ ವಸ್ತು ಮುಗಿಯುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಸಾಬೂನು ಸವೆದು ಬಿಲ್ಲೆಯಾಗುವ ಮೊದಲೇ ಹೊಸದನ್ನು ಬಿಚ್ಚಿಡುತ್ತೇನೆ. ಸ್ಕೂಟರಿನ ಪೆಟ್ರೋಲ್ ಮುಳ್ಳು ಅರ್ಧಕ್ಕೆ ಇಳಿದರೆ ಸವಳಂಗ ರಸ್ತೆಯ ಬಂಕಿನಲ್ಲಿ ನಿಂತಿರುತ್ತೇನೆ. ಇನ್ನು ಹಿಡಿಯುವುದಿಲ್ಲ, ಸ್ವಲ್ಪ ಓಡಿಸಿಕೊಂಡು ಬನ್ನಿ ಎಂದು ಬಂಕಿನವರು ವಾಪಸು ಕಳಿಸಿದ್ದೂ ಉಂಟು. ನನ್ನ ಹೆಂಡತಿ ಶೈಲಜಾ ಇದನ್ನು ಆಡಿಕೊಂಡು ನಗುತ್ತಾಳೆ. ಆದರೆ ಅವಳೂ ಅನ್ನಕ್ಕಿಡುವಾಗ ಕೊನೆಗೊಂದು ಹಿಡಿ ಅಕ್ಕಿಯನ್ನು ‘ಇರಲಿ’ ಅಂತ ಹಾಕುವವಳೇ. ಯಾರಿಗೆ ಇರಲಿ ಎಂದು ಕೇಳಿದರೆ, ಯಾರಾದರೂ ಬಂದರೆ ಇರಲಿ ಎನ್ನುತ್ತಾಳೆ. ಆ ಯಾರಾದರೂ ಇವತ್ತಿನವರೆಗೆ ಬಂದಿಲ್ಲ. ಅವರ ಪಾಲನ್ನು ಮರುದಿನ ಬೆಳಿಗ್ಗೆ ಚಿತ್ರಾನ್ನದ ರೂಪದಲ್ಲಿ ನಾನು ತಿನ್ನುತ್ತೇನೆ.

ನಮ್ಮ ನಡುಮನೆಯ ಗಡಿಯಾರದ ಕಥೆಯೂ ಇದೇ. ಕಾಲೇಜಿಗೆ ತಡವಾಗದಿರಲಿ ಎಂದು ನಾನು ಅದನ್ನು ಸ್ವಲ್ಪ ಮುಂದೆ ಇಟ್ಟೆ. ನಾನು ಇಟ್ಟದ್ದು ಗೊತ್ತಿಲ್ಲದೆ ಶೈಲಜಾ ತನ್ನದೊಂದಿಷ್ಟು ಸೇರಿಸಿದಳು. ಬೇಸಿಗೆ ರಜೆಯಲ್ಲಿ ಬಂದ ನನ್ನಮ್ಮ, ಇವರಿಬ್ಬರೂ ನಿಧಾನದವರು ಎಂದುಕೊಂಡು ತಮ್ಮದನ್ನೂ ಸೇರಿಸಿ ಹೋದರು. ಈಗ ಅದರಲ್ಲಿ ಗಂಟೆ ಎಷ್ಟೆಂಬುದು ಅವರವರ ನಂಬಿಕೆಗೆ ಬಿಟ್ಟದ್ದು. ಗಡಿಯಾರ ಮುಂದಿದೆ ಎಂದು ಎಲ್ಲರಿಗೂ ಗೊತ್ತು, ಆದ್ದರಿಂದ ಎಲ್ಲರೂ ತಮಗೆ ತೋಚಿದಷ್ಟು ಕಳೆಯುತ್ತೇವೆ. ಹೀಗಾಗಿ ಯಾವ ಮದುವೆಗೆ ಹೋದರೂ ನಮಗೆ ಸಿಗುವುದು ಕೊನೆಯ ಪಂಕ್ತಿ. ಇಂಥ ಮನೆಗೆ ಡ್ರೋನ್ ಬರಬಾರದಿತ್ತು, ಬಂತು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಹಳೆಯ ಕೋಟೆ ಕೆರೆಗಳನ್ನು ಮೇಲಿನಿಂದ ಚಿತ್ರ ತೆಗೆದು ಮಕ್ಕಳಿಗೆ ತೋರಿಸಬೇಕು ಎಂಬುದು ನಾನು ಮನೆಯಲ್ಲಿ ಕೊಟ್ಟ ಕಾರಣ. ನಿಜವಾದ ಕಾರಣವೆಂದರೆ, ಆಸೆಯಾಯಿತು. ಸವಳಂಗ ರಸ್ತೆಯಲ್ಲಿ ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟಿರುವ ನಯಾಜ್ ಮದುವೆಗಳ ವಿಡಿಯೋಗೆಂದು ತಾನೇ ಬಿಡಿಭಾಗ ತಂದು ಜೋಡಿಸಿದ ಡ್ರೋನ್ ಒಂದನ್ನು ನನಗೆ ಮಾರಿದ. ಕಂಪನಿಯಿಂದ ಸಿದ್ಧವಾಗಿ ಬರುವ ಡ್ರೋನುಗಳು ಬ್ಯಾಟರಿಯ ಯೋಗಕ್ಷೇಮವನ್ನು ತಾವೇ ನೋಡಿಕೊಳ್ಳುತ್ತವಂತೆ. ಇದಕ್ಕೆ ಮಾತ್ರ ಎಷ್ಟು ವೋಲ್ಟಿಗೆ ಹೆದರಬೇಕು ಎಂಬುದನ್ನು ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ನಾವೇ ಹೇಳಿಕೊಡಬೇಕು. ಹೆದರುವುದನ್ನು ಹೇಳಿಕೊಡಲು ನನಗಿಂತ ಅರ್ಹರು ಜಿಲ್ಲೆಯಲ್ಲಿ ಸಿಗಲಾರರು ಎಂದುಕೊಂಡೆ.

ಹೆದರಿಕೆಯಲ್ಲಿ ಎರಡು ಹಂತ. ಬ್ಯಾಟರಿಯ ವೋಲ್ಟೇಜ್ ನಾವು ಹೇಳಿದ ಮೊದಲನೆಯ ಅಂಕಿಗೆ ಇಳಿದರೆ ಡ್ರೋನಿನ ಕೆಂಪು ದೀಪ ಮಿಟುಕಿ ಕೀಂ ಕೀಂ ಎಂದು ಕೂಗುತ್ತದೆ. ನಾವಾಗಿ ಇಳಿಸಿಕೊಳ್ಳಬೇಕು. ಎರಡನೆಯ ಅಂಕಿಗೆ ಇಳಿದರೆ ಅದು ನಮ್ಮನ್ನು ಕೇಳುವುದಿಲ್ಲ, ಎಲ್ಲಿದೆಯೋ ಅಲ್ಲಿಂದ ನೆಟ್ಟಗೆ ಕೆಳಗೆ ಬಂದು ಕೂರುತ್ತದೆ. ಕೆಳಗೆ ಬಾವಿ ಇದೆಯೋ ಬಾಣಲೆ ಇದೆಯೋ ಅದಕ್ಕೆ ಸಂಬಂಧವಿಲ್ಲ. ಟೇಬಲಿನ ಮೇಲೆ ಕೂತಾಗ ತೋರಿಸುವ ವೋಲ್ಟೇಜನ್ನು ನಂಬಬೇಡಿ ಸಾರ್, ಮೇಲೇರುವಾಗ ಅದು ಕುಸಿಯುತ್ತದೆ, ಅದನ್ನು ನೋಡಿಕೊಂಡು ಅಂಕಿ ಇಡಬೇಕು ಎಂದು ನಯಾಜ್ ಹೇಳಿದ್ದ. ಪಂಪ್‌ಸೆಟ್ ಚಾಲೂ ಮಾಡಿದಾಗ ಮನೆಯ ಬಲ್ಬು ಮಂಕಾಗುತ್ತದಲ್ಲ, ಹಾಗೆ. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಅರ್ಥವಾದದ್ದರ ಗುರುತಲ್ಲ ಎಂಬುದನ್ನು ಇಷ್ಟು ವರ್ಷ ಪಾಠ ಮಾಡಿಯಾದರೂ ನಾನು ತಿಳಿದಿರಬೇಕಿತ್ತು.

ಡ್ರೋನಿನ ಸುದ್ದಿ ಭದ್ರಾವತಿಗೆ ಮುಟ್ಟಿತು. ಅಲ್ಲಿ ಹಳೇನಗರದಲ್ಲಿ ನನ್ನ ಮಾವನ ಮನೆ. ಅದಕ್ಕೆ ಅಂಟಿಕೊಂಡೇ ಅವರ ಅಣ್ಣನ ಮನೆ. ಅವರನ್ನು ನಾನು ದೊಡ್ಡಮಾವ ಎನ್ನುತ್ತೇನೆ, ಮಾವನ ಎದುರಿನಲ್ಲಿ ಏನೂ ಅನ್ನುವುದಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ವರ್ಷಗಳಾದವು. ನಡುವಿನ ಕಾಂಪೌಂಡ್ ಗೋಡೆ ಒಂದು ಗೇಣು ಆ ಕಡೆ ಇರಬೇಕಿತ್ತು ಎಂದು ಒಬ್ಬರು, ಈ ಕಡೆ ಇರಬೇಕಿತ್ತು ಎಂದು ಇನ್ನೊಬ್ಬರು. ಕಳ್ಳರ ಭಯಕ್ಕೆ ಗೋಡೆಯ ನೆತ್ತಿಗೆ ಗಾಜಿನ ಚೂರು ನೆಡುವಾಗಲೂ ಮಾವ ತಮ್ಮ ಅರ್ಧಕ್ಕೆ ಹಸಿರು ಬಾಟಲಿಯದನ್ನು ನೆಟ್ಟರು, ದೊಡ್ಡಮಾವ ತಮ್ಮ ಅರ್ಧಕ್ಕೆ ಕಂದು ಬಾಟಲಿಯದನ್ನು ನೆಟ್ಟರು. ಇವರಿಬ್ಬರ ತಾಯಿ, ಅಂದರೆ ಶೈಲಜಾಳ ಅಜ್ಜಿ, ಯುಗಾದಿಯಿಂದ ದಸರಾವರೆಗೆ ಚಿಕ್ಕ ಮಗನ ಮನೆಯಲ್ಲಿ, ದಸರಾದಿಂದ ಯುಗಾದಿಯವರೆಗೆ ದೊಡ್ಡ ಮಗನ ಮನೆಯಲ್ಲಿ ಇರುತ್ತಾರೆ. ದಿನ ಬಂದಾಗ ತಮ್ಮ ಟ್ರಂಕು ಹೊರಿಸಿಕೊಂಡು ಈ ಗೇಟಿನಿಂದ ಹೊರಗೆ ಬಂದು ಆ ಗೇಟಿನಿಂದ ಒಳಗೆ ಹೋಗುತ್ತಾರೆ.

ಅಜ್ಜಿ ಫೋನಿನಲ್ಲಿ ಶೈಲಜಾಳನ್ನು ಕೇಳಿದರಂತೆ: “ಮಕ್ಕಳಿಬ್ರೂ ಒಂದೇ ಫೋಟೋದಲ್ಲಿ ಇರೋದು ನನ್ ಹತ್ರ ಒಂದೂ ಇಲ್ಲ ಕಣೇ. ನಿನ್ ಗಂಡ ಮೇಲಿಂದ ತೆಗೆಯೋದು ಏನೋ ತಂದಿದಾರಂತಲ್ಲ. ಅಷ್ಟು ಮೇಲಿಂದ ನೋಡಿದ್ರೆ ಗೋಡೆ ಕಾಣಲ್ಲ, ಅಲ್ವಾ?”

ಶೈಲಜಾ ಫೋನಿಟ್ಟು ಇದನ್ನು ನನಗೆ ಹೇಳುವಾಗ ಅವಳ ದನಿ ಸರಿಯಿರಲಿಲ್ಲ. ಗೋಡೆ ಕಾಣುತ್ತದೆ, ಮೇಲಿನಿಂದ ಗೆರೆಯ ಹಾಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ ಎಂದು ನಾನು ಹೇಳಲಿಲ್ಲ. ಆದರೆ ಅಜ್ಜಿಯ ಉಪಾಯ ಬಲವಾಗಿತ್ತು. ಯಾರೂ ಯಾರ ಮನೆಗೂ ಹೋಗಬೇಕಿಲ್ಲ, ಮಾತಾಡಬೇಕಿಲ್ಲ. ಅವರವರ ಅಂಗಳದಲ್ಲಿ ಅವರವರು ನಿಂತರೆ ಸಾಕು, ಡ್ರೋನ್ ಗೋಡೆಯ ನೇರಕ್ಕೆ ಎತ್ತರ ಏರಿ ಎರಡೂ ಅಂಗಳವನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. ಮಾವ ಒಪ್ಪಿದರು. ದೊಡ್ಡಮಾವನಿಂದ, ನಮ್ಮ ಅಂಗಳದಲ್ಲಿ ನಾವು ನಿಂತಿರುತ್ತೇವೆ, ಆಕಾಶದಿಂದ ಯಾರು ಏನು ತೆಗೆದರೂ ನಮಗೆ ಸಂಬಂಧವಿಲ್ಲ ಎಂಬ ಉತ್ತರ ಬಂತು. ಒಪ್ಪಿಗೆಯೆಂದೇ ಅರ್ಥ.

ಹೊರಡುವ ಹಿಂದಿನ ದಿನ ನಾನು ಲ್ಯಾಪ್‌ಟಾಪಿನಲ್ಲಿ ಎರಡೂ ಎಚ್ಚರಿಕೆಯ ಅಂಕಿಗಳನ್ನು, ಇರಲಿ ಅಂತ, ಸ್ವಲ್ಪ ಮೇಲಕ್ಕೆ ಏರಿಸಿದೆ. ಬ್ಯಾಟರಿ ಇನ್ನೂ ಗಟ್ಟಿಯಿರುವಾಗಲೇ ಇಳಿದುಬಿಡುತ್ತದೆ, ಯಾವ ಅಪಾಯವೂ ಇಲ್ಲ. ನಿಶ್ಚಿಂತೆಯಿಂದ ಮಲಗಿದೆ.

ಭಾನುವಾರ ಬೆಳಿಗ್ಗೆ ಮಾವನ ಅಂಗಳದಲ್ಲಿ ಜಮಖಾನ ಹಾಸಿ, ಅದರ ಪಕ್ಕ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿದ್ದರು. ರೇಷ್ಮೆ ಸೀರೆ ಉಟ್ಟು, ಕ್ಯಾಮೆರಾ ಎಲ್ಲಿಂದ ಬರುತ್ತದೋ ತಿಳಿಯದೆ ಎಲ್ಲ ದಿಕ್ಕಿಗೂ ನಗುತ್ತಿದ್ದರು. ಗೋಡೆಯಾಚೆ ದೊಡ್ಡಮಾವನ ಸಂಸಾರ ಸಾಲಾಗಿ ನಿಂತಿತ್ತು. ನಾನು ಡ್ರೋನ್ ಏರಿಸಿದೆ. ಅದು ಹೆಂಚಿನ ಮಟ್ಟಕ್ಕೆ ಹೋಗಿ ಕೀಂ ಕೀಂ ಎಂದು ಕೂಗಿ, ಒಂದು ಗಳಿಗೆ ಯೋಚಿಸಿದಂತೆ ಮಾಡಿ, ನೆಟ್ಟಗೆ ಕೆಳಗೆ ಬಂದು ಜಮಖಾನದ ಮೇಲೆ ಕೂತಿತು. ಮತ್ತೆ ಏರಿಸಿದೆ. ಮತ್ತೆ ಕೂತಿತು. ಮಾವ, ಅಳಿಯಂದ್ರೇ ಅದಕ್ಕೆ ಎತ್ತರ ಆಗಿ ಬರುವುದಿಲ್ಲವೋ ಏನೋ ಎಂದು ಮರ್ಯಾದೆಯಿಂದ ಕೇಳಿದರು. ಗೋಡೆಯಾಚೆಯಿಂದ ದೊಡ್ಡಮಾವ, ಇದಕ್ಕಿಂತ ಮೇಲಕ್ಕೆ ನಮ್ಮನೆ ಕೋಳಿ ಹಾರುತ್ತದೆ ಎಂದು ಯಾರನ್ನೂ ಉದ್ದೇಶಿಸದೆ ಆಕಾಶಕ್ಕೆ ಹೇಳಿದರು. ಅಜ್ಜಿಯ ನಗು ಮಾತ್ರ ಸ್ವಲ್ಪ ಕಡಿಮೆಯಾಯಿತು.

ಜಗಲಿಗೆ ಹೋಗಿ ನಯಾಜನಿಗೆ ಫೋನ್ ಮಾಡಿದೆ. ಅವನು ಅಂಕಿಗಳನ್ನು ಎರಡೆರಡು ಸಲ ಓದಿಸಿ ಕೇಳಿಸಿಕೊಂಡ.

“ಸಾರ್, ನೀವೂ ಏರ್ಸಿದ್ರಾ? ನೀವು ಹೊಸಬ್ರು ಅಂತ ನಾನೇ ಮೊದ್ಲೇ ಏರ್ಸಿ ಕೊಟ್ಟಿದ್ದೆ. ಆದ್ರೂ ಇಷ್ಟಾಗ್ಬಾರ್ದು. ಇನ್ಯಾರಾದ್ರೂ ಕೈ ಹಾಕಿದಾರಾ?”

ಪಕ್ಕದಲ್ಲಿ ನಿಂತಿದ್ದ ಶೈಲಜಾ ಸೀರೆಯ ಸೆರಗನ್ನು ಅಗತ್ಯಕ್ಕಿಂತ ಹೆಚ್ಚು ಸರಿಮಾಡಿಕೊಳ್ಳುತ್ತಿದ್ದಳು. “ನಾನೂ ಒಂಚೂರು ಏರಿಸಿದ್ದೆ ಕಣ್ರೀ. ಅಜ್ಜಿ ತಲೆ ಮೇಲೆ ಬಿದ್ರೆ ಏನ್ ಗತಿ ಅಂತ” ಎಂದಳು.

ಮೂವರ ಎಚ್ಚರಿಕೆಯೂ ಸೇರಿ ಡ್ರೋನಿಗೆ ಹುಟ್ಟಿದ ಕ್ಷಣದಿಂದಲೇ ಸಾವಿನ ಭಯ ಹತ್ತಿತ್ತು. ನಾನು ಲ್ಯಾಪ್‌ಟಾಪ್ ತೆರೆದು ನಯಾಜನ ಪಾಲು, ನನ್ನ ಪಾಲು, ಶೈಲಜಾಳ ಪಾಲು ಎಲ್ಲವನ್ನೂ ಕಳೆದೆ. ಕಳೆದು ಒಂದು ಲೋಟ ನೀರು ಕುಡಿಯಲು ಒಳಗೆ ಹೋದೆ. ಆ ಹೊತ್ತಿನಲ್ಲಿ ಶೈಲಜಾ ತಾನು ಏರಿಸಿದ್ದನ್ನು ತಾನೇ ಇಳಿಸಬೇಕು ಎಂಬ ಧರ್ಮಬುದ್ಧಿಯಿಂದ ಅದನ್ನು ಇನ್ನೊಮ್ಮೆ ಕಳೆದಳು. ಹೀಗೆ ಎಚ್ಚರಿಕೆಯ ಅಂಕಿಗಳು ಇರಬೇಕಾದದ್ದಕ್ಕಿಂತಲೂ ಕೆಳಗಿಳಿದವು. ಇದು ನನಗೆ ಗೊತ್ತಾದದ್ದು ವಾಪಸು ಬರುವಾಗ ಬಸ್ಸಿನಲ್ಲಿ. ಚೀಲದಲ್ಲಿ ಪೂರ್ತಿ ತುಂಬಿದ ಇನ್ನೊಂದು ಬ್ಯಾಟರಿಯೂ ಇತ್ತು. ಅದನ್ನು ಹಾಕಲಿಲ್ಲ. ಅದು ಇರಲಿ ಅಂತ ತಂದದ್ದು.

ಈ ಸಲ ಡ್ರೋನ್ ಬಾಯಿ ಬಿಡದೆ ಏರಿತು. ಹೆಂಚು ದಾಟಿತು, ತೆಂಗಿನ ಗರಿ ದಾಟಿತು, ಗೋಡೆಯ ನೇರಕ್ಕೆ ಬಂದು ನಿಂತಿತು. ಕೈಯಲ್ಲಿದ್ದ ರಿಮೋಟಿನ ಪರದೆಯಲ್ಲಿ ಎರಡೂ ಅಂಗಳ ಕಂಡವು. ಕ್ಯಾಮೆರಾ ತನ್ನಷ್ಟಕ್ಕೆ ಬಿಟ್ಟು ಬಿಟ್ಟು ಚಿತ್ರ ತೆಗೆಯುವಂತೆ ಮಾಡಿದ್ದೆ. ಬಂತು, ಎಲ್ಲರೂ ಬಂದರು ಎಂದು ನಾನು ಹೇಳಿದಾಗ ಅಜ್ಜಿ ಕೈಮುಗಿದರು, ಯಾರಿಗೆಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ವೋಲ್ಟೇಜಿನ ಅಂಕಿ ಒಮ್ಮೆಲೇ ಕುಸಿಯತೊಡಗಿತು. ಮೊದಲನೆಯ ಎಚ್ಚರಿಕೆಯೂ ಎರಡನೆಯದೂ ಒಂದರ ಬೆನ್ನಿಗೊಂದು ಬಂದವು. ಡ್ರೋನ್ ಇಳಿಯಲು ಹೊರಟಿತು. ಅದರ ಕೆಳಗೆ ಕರಾರುವಾಕ್ಕಾಗಿ ಆ ಗೋಡೆ ಇತ್ತು, ಗೋಡೆಯ ಮೇಲೆ ಎರಡು ಬಣ್ಣದ ಗಾಜು. ಇಳಿಯುವಾಗಲೂ ರಿಮೋಟಿನ ಕಡ್ಡಿ ತಳ್ಳಿ ಅದನ್ನು ಪಕ್ಕಕ್ಕೆ ಸರಿಸಬಹುದು ಎಂದು ಕೈಪಿಡಿಯಲ್ಲಿದೆ. ಅದನ್ನು ನಾನು ಆಮೇಲೆ ಓದಿದೆ. ಆಗ ನಾನು ಮಾಡಿದ್ದು, ಪರದೆಯ ಮೇಲಿನ ಅಂಕಿಯನ್ನು ನೋಡುತ್ತಾ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದು ಮಾತ್ರ.

ಮೊದಲು ಎಚ್ಚೆತ್ತದ್ದು ಮಾವ. ಜಮಖಾನದ ಎರಡು ಮೂಲೆ ಹಿಡಿದು ಗೋಡೆಯ ಹತ್ತಿರ ಓಡಿ, ಉಳಿದ ಅರ್ಧವನ್ನು ಗಾಜಿನ ಮೇಲಿಂದ ಆಚೆಗೆ ಎಸೆದರು. ಆಚೆ ಅದನ್ನು ಹಿಡಿದದ್ದು ದೊಡ್ಡಮಾವ. ಇಬ್ಬರೂ ಕೈಗಳನ್ನು ತಲೆಯ ಮೇಲೆತ್ತಿ ಹಿಡಿದರು.

“ಬಿಗಿ ಹಿಡ್ಕೊಳೋ” ಎಂದರು ದೊಡ್ಡಮಾವ.

“ಹಿಡ್ಕೊಂಡಿದೀನಿ. ನೀನು ಒಂದ್ ಗೇಣು ಆ ಕಡೆ ಸರ್ಕೋ” ಎಂದರು ಮಾವ.

ದೊಡ್ಡಮಾವ ಸರಿದರು. ಡ್ರೋನ್ ಜಮಖಾನದ ನಡುವೆ ಬಿದ್ದು ನೂಲು ಸುತ್ತಿಕೊಂಡು ನಿಂತಿತು. ಎರಡು ರೆಕ್ಕೆ ಮುರಿದವು, ಜಮಖಾನ ಹರಿಯಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಡ್ರೋನಿಗೆ ಇಷ್ಟೊಂದು ಮರುಗುತ್ತಾರಲ್ಲ ಎಂದು ನನಗೆ ಕ್ಷಣಕಾಲ ಅನ್ನಿಸಿತು.

ಇದಾದ ಮೇಲೆ ಅಣ್ಣತಮ್ಮಂದಿರು ಒಂದಾದರು ಎಂದು ಬರೆಯಲು ನನಗೂ ಇಷ್ಟ. ಅವರು ಈಗಲೂ ಮಾತಾಡುವುದಿಲ್ಲ. ಅವತ್ತಿನದು ಮಾತಲ್ಲವಂತೆ, ಕೆಲಸದ ಹೊತ್ತಿನಲ್ಲಿ ಬಂದದ್ದಂತೆ. ಆದರೆ ಜಮಖಾನ ಆಚೆ ಕಡೆ ಉಳಿದಿತ್ತು. ದೊಡ್ಡಮಾವ ಅದನ್ನು ಹೊಲಿಸಿ, ಬರಿದೇ ಕಳಿಸಬಾರದೆಂದು ಒಂದು ಡಬ್ಬಿ ಕೋಡುಬಳೆ ಇಟ್ಟು ಕಳಿಸಿದರು. ಡಬ್ಬಿಯನ್ನು ಬರಿದೇ ಹಿಂದಿರುಗಿಸಬಾರದೆಂದು ಅತ್ತೆ ಅದಕ್ಕೆ ಹಲಸಿನ ಹಪ್ಪಳ ತುಂಬಿದರು. ಅಲ್ಲಿಂದ ಇಲ್ಲಿಯವರೆಗೆ ಆ ಡಬ್ಬಿ ಯಾವ ಮನೆಯಲ್ಲೂ ನಿಂತಿಲ್ಲ, ಏಕೆಂದರೆ ಖಾಲಿ ಕಳಿಸುವ ಕೆಟ್ಟ ಹೆಸರು ಯಾರಿಗೂ ಬೇಡ.

ನಯಾಜ್ ಎರಡು ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟ. ಒಂದರಲ್ಲಿ ಎರಡೂ ಮನೆಯವರು ಗೋಡೆಯ ಎರಡು ಕಡೆ ಶಿಸ್ತಾಗಿ ನಿಂತಿದ್ದಾರೆ. ಇನ್ನೊಂದು ಬೀಳುವಾಗ ತೆಗೆದದ್ದು, ಸ್ವಲ್ಪ ಓರೆ. ಅದರಲ್ಲಿ ನಡುವೆ ಜಮಖಾನ ಹರಡಿಕೊಂಡು ಗೋಡೆಯೇ ಕಾಣುವುದಿಲ್ಲ. ಒಂದೇ ಬಟ್ಟೆ ಹಿಡಿದ ಇಬ್ಬರು ಮುದುಕರು ಬಾಯಿ ತೆರೆದು ಮೇಲೆ ನೋಡುತ್ತಿದ್ದಾರೆ. ಅಜ್ಜಿ ಅದನ್ನೇ ಆರಿಸಿಕೊಂಡರು. ಬೆರಳಿನಿಂದ ಒಬ್ಬೊಬ್ಬರನ್ನೇ ಮುಟ್ಟಿ ಹೆಸರು ಹೇಳುತ್ತಾ ಹೋಗಿ, ಒಂದು ಮೂಲೆಯಲ್ಲಿ ನಿಲ್ಲಿಸಿದರು.

“ಎಲ್ರೂ ಮೇಲೆ ನೋಡ್ತಿದಾರೆ. ಇದ್ಯಾರೇ ಶೈಲಾ, ಈ ಬೋಳುತಲೆ, ನೆಲ ನೋಡ್ಕೊಂಡು ನಿಂತಿರೋದು?”

ಶೈಲಜಾ ನನ್ನನ್ನೊಮ್ಮೆ ನೋಡಿ, “ಫೋಟೋ ತೆಗೀತಿದ್ದೋರು ಅಜ್ಜಿ” ಎಂದಳು.

ನಾನು ಚಿತ್ರವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಕನ್ನಡಿಯಲ್ಲಿ ನನಗೆ ಯಾವಾಗಲೂ ಮುಂದಿನ ಭಾಗ ಮಾತ್ರ ಕಾಣುವುದು, ಅಲ್ಲಿ ಕೂದಲು ಚೆನ್ನಾಗಿಯೇ ಇದೆ. ನೆತ್ತಿಯಲ್ಲಿ ಪೂರ್ತಿ ಮುಗಿದುಹೋಗಿದೆ ಎಂದು ಮನೆಯಲ್ಲಿ ಇಷ್ಟೊಂದು ಎಚ್ಚರಿಕೆಯ ಜನರಿದ್ದೂ ಒಬ್ಬರೂ ನನಗೆ ಎಚ್ಚರಿಕೆ ಕೊಟ್ಟಿರಲಿಲ್ಲ.