ಬಡಗಿ ನೆಟ್ಟ ಸಾಲು

ಹೆಂಡತಿ: ತಲೆಕೆಳಗಾಗಿದೆ ರೀ ಅದು!

ಗಂಡ: ಯಾವುದು?

ಹೆಂಡತಿ: ಈಗ ಚುಚ್ಚಿದ್ರಲ್ಲ, ಅದು. ಅದಕ್ಕೆ ಮೊದಲು ಚುಚ್ಚಿದ್ದು. ಬೆಳಗ್ಗಿಂದ ಚುಚ್ಚಿದ್ದು ಎಲ್ಲಾನೂ.

ಗಂಡ: ನೀನು ದೋಣಿ ಅಲ್ಲಾಡಿಸದೆ ಕೂತ್ಕೊ. ಅಷ್ಟು ಮಾಡಿದ್ರೆ ಸಾಕು.

ಇಬ್ಬರು ಕೂರುವ ಕಯಾಕ್ ಅದು. ಉದ್ದ, ಸಪೂರ. ಕೆಮ್ಮಿದರೂ ವಾಲುತ್ತದೆ. ಮುಂದೆ ಹೆಂಡತಿ, ಹಿಂದೆ ಗಂಡ. ಅವನು ಬಡಗಿ. ಅವಳು ಬಟ್ಟೆ ಹೊಲಿಯುವವಳು. ನದಿ ಕಡಲು ಸೇರುವಲ್ಲಿ ಅಲೆ ಹೊಡೆದು ದಡ ಕುಸಿಯುತ್ತಿತ್ತು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲ ಗಿಡ ಇದ್ದರೆ ಅದರ ಬೇರು ಮಣ್ಣನ್ನು ಬಿಡುವುದಿಲ್ಲ, ಮೀನಿಗೂ ಮರಿ ಮಾಡಲು ಜಾಗವಾಗುತ್ತದೆ. ಅದನ್ನು ನೆಡಲು ಕಯಾಕ್ ನಡೆಸುವ ನಲವತ್ತು ಜನ ಭಾನುವಾರ ಭಾನುವಾರ ಹೋಗುತ್ತಿದ್ದರು. ದೊಡ್ಡ ದೋಣಿ ಆ ಕೆಸರಿಗೆ ಹೋಗುವುದಿಲ್ಲ. ಬಡಗಿಗೆ ಡಾಕ್ಟರು ಹೊಟ್ಟೆ ಕರಗಿಸಿ ಎಂದಿದ್ದರು. ಒಬ್ಬರು ಕೂರುವ ಕಯಾಕ್ ಖಾಲಿ ಇರಲಿಲ್ಲ. ಹಾಗಾಗಿ ಹೆಂಡತಿಯೂ ಸ್ವಯಂಸೇವಕಿಯಾದಳು.

ಕಾಂಡ್ಲದ ಬೀಜ ಬೀಜದ ಹಾಗಿರುವುದಿಲ್ಲ. ಮರದಲ್ಲಿದ್ದಾಗಲೇ ಮೊಳದುದ್ದ ಬೆಳೆದು, ಹಸಿರು ಕೋಲಾಗಿ ಉದುರುತ್ತದೆ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ.

ಗಂಡ: ನಲವತ್ತು ವರ್ಷ ಮೊಳೆ ಹೊಡೆದಿದ್ದೀನಿ. ದಪ್ಪ ತಲೆ ಮೇಲೆ, ಸಣ್ಣ ತುದಿ ಕೆಳಗೆ. ಮೊಳೆ ತಲೇನ ಯಾರಾದ್ರೂ ಗೋಡೆಯೊಳಗೆ ಹೊಡೀತಾರೇನೇ?

ಹೆಂಡತಿ: ಇದು ಗೋಡೆ ಅಲ್ಲ, ಕೆಸರು. ಅದು ಮೊಳೆ ಅಲ್ಲ, ಗಿಡ. ಎಲೆ ಬರೋದು ಸಣ್ಣ ತುದೀಲಿ ಅಂತ ಟೀಚರ್ ತೋರಿಸಿಲ್ವಾ?

ಗಂಡ: ಅವರು ತೋರಿಸ್ವಾಗ ನೀನು ನನ್ನ ಮುಂದೆ ನಿಂತಿದ್ದೆ. ನನಗೆ ಕಂಡಿದ್ದು ನಿನ್ನ ಟೋಪಿ.

ಹೆಂಡತಿ: ಕಾಣಲಿಲ್ಲ ಅಂದ್ರೆ ಕೇಳಬೇಕಿತ್ತು.

ಗಂಡ: ಮೊಳೆ ಯಾವ ಕಡೆಯಿಂದ ಹೊಡೀಲಿ ಅಂತ ಬಡಗಿ ಕೇಳಿದ್ರೆ ನಾಳೆ ಯಾರು ಕೆಲಸ ಕೊಡ್ತಾರೆ?

ಹೆಂಡತಿ: ನಾನು ಅಂಗಿ ತೋಳು ಉಲ್ಟಾ ಹೊಲಿದ್ರೆ ಬಿಚ್ತೀನಪ್ಪ. ಏನು ಮರ್ಯಾದೆ ಹೋಗುತ್ತೆ ಅದರಲ್ಲಿ?

ಗಂಡ: ನಿಂದು ಬಿಚ್ಚುತ್ತೆ. ನಾನು ಮಾಡಿದ್ದು ಬಿಚ್ಚಲ್ಲ.

ಹೆಂಡತಿ: ನಾನೂ ಅದೇ ಹೇಳ್ತಿರೋದು! ನೀವು ಮಾಡಿದ ಬೀರು ಬಾಗಿಲು ಇವತ್ತಿಗೂ ಗೋಡೆಗೆ ತಾಗುತ್ತೆ. ಅರ್ಧ ತೆಗೆದು, ಮಿಕ್ಕಿದ್ದು ಕೈಯಾಡಿಸಿ ಹುಡುಕಬೇಕು.

ಗಂಡ: ಅದು ಬೇಕಂತಲೇ ಮಾಡಿದ್ದು. ಕಳ್ಳ ಬಂದ್ರೆ ಪರದಾಡಲಿ ಅಂತ.

ಹೆಂಡತಿ: ಕಳ್ಳ ಒಂದು ದಿನ ಪರದಾಡ್ತಾನೆ. ನಾನು ದಿನಾ ಪರದಾಡ್ತೀನಿ.

ದೂರದಿಂದ ಸೀಟಿ ಕೇಳಿಸಿತು. ಗುಂಪಿನ ಮುಖ್ಯಸ್ಥೆ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತಿಯಾದವರು. ಸೀಟಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಸೀಟಿ ಟೀಚರ್.

ಟೀಚರ್: ಏನ್ರೀ ಅದು ಗಲಾಟೆ? ಹಕ್ಕಿ ಎಲ್ಲಾ ಎದ್ದು ಹೋದ್ವು!

ಗಂಡ: ಗಲಾಟೆ ಅಲ್ಲ ಟೀಚರ್, ಸುಮ್ನೆ ಮಾತಾಡ್ತಿದ್ದೀವಿ!

ಟೀಚರ್: ನಿಮ್ಮದು ಎಷ್ಟಾಯ್ತು?

ಗಂಡ: ಇನ್ನೂರ ಹನ್ನೆರಡು!

ಟೀಚರ್: ಶಭಾಷ್! ನಿಮ್ಮದೇ ಜಾಸ್ತಿ!

ಗಂಡ: ಕೇಳಿಸ್ತೇನೇ?

ಹೆಂಡತಿ: ಎಷ್ಟು ಅಂತ ಕೇಳಿ ಶಭಾಷ್ ಅಂದ್ರು. ಹೇಗೆ ಅಂತ ಬಂದು ನೋಡಿದ್ರೆ ಅನ್ನಲ್ಲ.

ಯಾರ ಸಾಲು ಯಾವುದು ಎಂದು ತಿಳಿಯಲು ಒಬ್ಬೊಬ್ಬರೂ ಒಂದೊಂದು ಬಣ್ಣದ ಬಟ್ಟೆ ಕಟ್ಟಬೇಕಿತ್ತು. ಅವನು ಸಾಲಿನ ಕೊನೆಗೆ ಗೂಟ ಹೊಡೆದು ನೀಲಿ ತುಂಡು ಕಟ್ಟಿದ. ದಡ ಮುಟ್ಟುವವರೆಗೂ ವಾದ ನಡೆಯಿತು. ಊಟಕ್ಕೆ ಕೂತಾಗಲೂ ನಡೆಯಿತು. ಚಿಗುರು ಬರಲಿ, ಆಮೇಲೆ ಮಾತಾಡು ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದ.

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಲು ಬಗ್ಗಿದ. ಏಳಲಿಲ್ಲ. ಡಾಕ್ಟರು ಬಂದು ಎದೆಬಡಿತ ನಿಂತಿದೆ ಎಂದರು.

ಅವಳು ಮೂರು ಭಾನುವಾರ ಹೋಗಲಿಲ್ಲ. ಮನೆಯಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಬಂದವರೆಲ್ಲ ಅವಳು ಹೇಳಿದ್ದಕ್ಕೆ ಹೂಂ ಹೂಂ ಎನ್ನುತ್ತಿದ್ದರು. ಅದು ಸಹಿಸಲಾಗದೆ ನಾಲ್ಕನೆಯ ಭಾನುವಾರ ಹೊರಟಳು. ಹಿಂದಿನ ಸೀಟಿನಲ್ಲಿ ಟೀಚರ್ ಕೂತರು. ಬೇರೆಯವರ ಸಾಲುಗಳಲ್ಲಿ ಎರಡೆರಡು ಎಲೆ ಬಂದಿತ್ತು. ನೀಲಿ ಬಟ್ಟೆಯ ಸಾಲು ಬೋಳಾಗಿತ್ತು.

ಟೀಚರ್: ಅಕ್ಕ, ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ.

ಹೆಂಡತಿ: ಹೇಳಿ ಟೀಚರ್. ಕೇಳಬಾರದ್ದು ಕೇಳಿ ಆಗಿದೆ.

ಟೀಚರ್: ಈ ಸಾಲು ಪೂರ್ತಿ ತಲೆಕೆಳಗಿದೆ.

ಹೆಂಡತಿ: ಯಾರು ಹೇಳಿದ್ದು?

ಟೀಚರ್: ನೀವೇ. ಅವತ್ತು. ಆಚೆ ದಡದವರಿಗೂ ಕೇಳಿಸ್ತು.

ಹೆಂಡತಿ: ಅದು ನಾನು ಗಂಡನಿಗೆ ಹೇಳಿದ್ದು. ಗಂಡನಿಗೆ ಹೇಳಿದ್ದೆಲ್ಲ ನಿಜ ಇರುತ್ತಾ?

ಟೀಚರ್: ಚಿಗುರು ಬಂದಿಲ್ವಲ್ಲ ಅಕ್ಕ.

ಹೆಂಡತಿ: ಅವರ ಕೆಲಸ ಯಾವತ್ತೂ ನಿಧಾನ. ಒಂದು ಕಿಟಕಿಗೆ ಎರಡು ತಿಂಗಳು ಮಾಡೋರು. ಕೂರಿಸಿದ ಮೇಲೆ ಬಿರುಗಾಳಿಗೂ ಜಪ್ಪಯ್ಯ ಅಂತಿರಲಿಲ್ಲ.

ಟೀಚರ್: ಕಿಟಕಿ ಬೇರೆ, ಗಿಡ ಬೇರೆ.

ಹೆಂಡತಿ: ದಪ್ಪ ತಲೆ ಮೇಲೇ ಇರಬೇಕು. ನೀವು ಮೊಳೆ ನೋಡಿಲ್ವಾ?

ಅಂದ ಮೇಲೆ, ಇದನ್ನು ಅಂದವಳು ತಾನೇನಾ ಎಂದು ಅವಳಿಗೇ ಅನುಮಾನ ಬಂತು.

ಟೀಚರ್: ಬೇಜಾರು ಮಾಡ್ಕೋಬೇಡಿ. ಈ ಕೋಲು ಅಷ್ಟು ಬೇಗ ಸಾಯಲ್ಲ. ಮುಂದಿನ ವಾರ ನಲವತ್ತೂ ಜನ ಬಂದು ತಿರುಗಿಸಿ ನೆಟ್ಟುಬಿಡ್ತೀವಿ. ಒಂದು ಗಂಟೆ ಕೆಲಸ.

ಹೆಂಡತಿ: ನಲವತ್ತೂ ಜನ?

ಟೀಚರ್: ಹೂಂ.

ಹೆಂಡತಿ: ನಗ್ತಾರೆ.

ಟೀಚರ್: ಒಂಚೂರು ನಗಬಹುದು. ಪ್ರೀತಿಯಿಂದ.

ಹೆಂಡತಿ: ಅವರನ್ನ ನೋಡಿ ನಗೋಕೆ ನಾನೊಬ್ಬಳಿದ್ದೆ, ಸಾಕಾಗಿತ್ತು. ಎರಡು ತಿಂಗಳು ಬಿಡಿ ಟೀಚರ್.

ಟೀಚರ್: ಆಗಲೂ ಚಿಗುರಲಿಲ್ಲ ಅಂದ್ರೆ?

ಹೆಂಡತಿ: ನಲವತ್ತಲ್ಲ, ನಾನೂರು ಜನ ಕರ್ಕೊಂಡು ಬನ್ನಿ. ಹೊಟ್ಟೆ ತುಂಬ ನಗಿ.

ಮರುದಿನ ಬೆಳಕು ಹರಿಯುವಾಗ ಅವಳು ಒಬ್ಬಳೇ ಕಯಾಕ್ ಇಳಿಸಿದಳು. ಹಿಂದೆ ಕೂತು ನಡೆಸಿ ಗೊತ್ತಿರಲಿಲ್ಲ. ದೋಣಿ ಗಾಣದೆತ್ತಿನ ಹಾಗೆ ಸುತ್ತಿ ಹೊರಟಲ್ಲಿಗೇ ಬಂತು. ಎರಡನೆಯ ದಿನ ಪೊದೆಗೆ ನುಗ್ಗಿತು. ಮೂರನೆಯ ದಿನ ಸಾಲು ಮುಟ್ಟಿದಳು. ಒಂದು ಕಿತ್ತಳು, ತಿರುಗಿಸಿದಳು, ಚುಚ್ಚಿದಳು. ಇನ್ನೊಂದು ಕಿತ್ತಳು. ದಿನಕ್ಕೆ ಹತ್ತು ಹದಿನೈದು ಆಗುತ್ತಿತ್ತು. ನೀರು ಏರಿದ ದಿನ ಭುಜದವರೆಗೆ ಕೈ ಮುಳುಗಿಸಿ ತಡಕುತ್ತಿದ್ದಳು.

ಕಯಾಕ್ ಇಡುವ ಶೆಡ್ಡಿನ ಬಳಿ ಒಂದು ದಿನ ಟೀಚರ್ ಎದುರಾದರು.

ಟೀಚರ್: ಇಷ್ಟು ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ ಅಕ್ಕ?

ಹೆಂಡತಿ: ವ್ಯಾಯಾಮಕ್ಕೆ.

ಟೀಚರ್: ನಿಮಗೂ ಡಾಕ್ಟರು ಹೇಳಿದ್ರಾ?

ಹೆಂಡತಿ: ಅವರಿಗೆ ಹೇಳಿದ್ದು. ಮುಗಿಸದೆ ಹೋದ್ರು.

ಟೀಚರ್: ಕಂಕುಳಲ್ಲೆಲ್ಲ ಕೆಸರು?

ಹೆಂಡತಿ: ಜೋರು ವ್ಯಾಯಾಮ.

ಎರಡು ತಿಂಗಳ ಮೇಲೆ ನಲವತ್ತೂ ಜನ ಬಂದರು. ನೀಲಿ ಬಟ್ಟೆಯ ಸಾಲಿನಲ್ಲಿ ಎಲೆ ತುಂಬಿತ್ತು. ಸಣ್ಣ ತುದಿಗಳೆಲ್ಲ ಮೇಲಿದ್ದವು. ಟೀಚರ್ ಅದನ್ನು ನೋಡಿದರು. ಅವಳ ಉಗುರಿನ ಸಂದಿಯ ಕೆಸರನ್ನೂ ನೋಡಿದರು. ಅವರಿಗೆ ತಿಳಿಯಿತು. ಸೀಟಿ ಬಾಯಿಗಿಟ್ಟವರು ಊದದೆ ಕೆಳಗಿಳಿಸಿದರು.

ಟೀಚರ್: ಎಲ್ಲರೂ ನೋಡಿ. ಬಡಗಿಯವರು ನೆಟ್ಟಿದ್ದು. ಒಂದೊಂದೂ ನೆಟ್ಟಗೆ ಇದೆ.

ಗುಂಪಿನಲ್ಲೊಬ್ಬ: ಮತ್ತೆ ಅವತ್ತು ಈ ಅಕ್ಕ ತಲೆಕೆಳಗು ತಲೆಕೆಳಗು ಅಂತ ಅವರಿಗೆ ಬೈದಿದ್ದು?

ನಲವತ್ತು ಮುಖ ಅವಳ ಕಡೆ ತಿರುಗಿತು. ಈಗ ಆಡಬೇಕಾಗಿದ್ದ ಮಾತನ್ನು ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳು ಗಂಡನಿಗೆ ಹೇಳಿರಲಿಲ್ಲ. ಹೇಳುವಂಥದ್ದನ್ನು ಅವನು ಮಾಡಿಯೂ ಇರಲಿಲ್ಲ.

ಹೆಂಡತಿ: ತಪ್ಪು ನಂದೇ. ಅವರು ಹೇಳಿದ್ದೇ ಸರಿ.

ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಅವಳೂ ನಕ್ಕಳು. ಟೀಚರ್ ಮಾತ್ರ ನಗದೆ ಪುಸ್ತಕ ತೆಗೆದು ಸಾಲಿನ ಉದ್ದಕ್ಕೂ ಎಣಿಸಿದರು. ಗೂಟದ ಬಳಿ ಬಂದು ನಿಂತರು.

ಟೀಚರ್: ಇನ್ನೂರ ಹನ್ನೊಂದು ಚಿಗುರಿದೆ. ಈ ಕೊನೇದು ಒಂದು ಚಿಗುರಿಲ್ಲ. ತಲೆಕೆಳಗಿದೆ.

ಹೆಂಡತಿ: ಅದನ್ನ ಮುಟ್ಟಬೇಡಿ.

ಟೀಚರ್: ಯಾಕಕ್ಕ?

ಹೆಂಡತಿ: ಅದು ನಾನು ನೆಟ್ಟಿದ್ದು.

ಟೀಚರ್ ಹಾಗೆಯೇ ಬರೆದುಕೊಂಡರು.

ಅವಳು ಈಗಲೂ ದಿನಾ ಬೆಳಿಗ್ಗೆ ಹೋಗುತ್ತಾಳೆ. ನೀರು ಇಳಿದಿದ್ದರೆ ಕೆಸರಿಗೆ ಇಳಿಯುತ್ತಾಳೆ, ಏರಿದ್ದರೆ ದೋಣಿಯಿಂದಲೇ ಕೈ ಬಿಡುತ್ತಾಳೆ. ಚಿಗುರಿದವು ತಮ್ಮ ಪಾಡಿಗೆ ಬೆಳೆಯುತ್ತಿವೆ, ಅವುಗಳ ಗೋಜಿಗೆ ಹೋಗುವುದಿಲ್ಲ. ಗಂಡ ಚುಚ್ಚಿದ ಹಾಗೆಯೇ ಉಳಿಸಿಕೊಂಡ ಆ ಒಂದಕ್ಕೆ ಸುತ್ತಿದ ಪಾಚಿ ಬಿಡಿಸಿ, ಮೇಲಿರುವ ದಪ್ಪ ತುದಿಯನ್ನು ಬೆರಳಲ್ಲಿ ಉಜ್ಜಿ ತೊಳೆದು, ಬುಡಕ್ಕೆ ಒಂದು ಹಿಡಿ ಕೆಸರು ಒತ್ತಿ ಬರುತ್ತಾಳೆ.