ಶುಕ್ರವಾರ ಹೊಸಿಲು ದಾಟದ ಕಂಪ್ಯೂಟರು

ಇಂಥ ಪ್ರಸಂಗಗಳು ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೆ ಎಂದು ಕೇಳಿಕೊಳ್ಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಹಿಂದೂಪುರದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಕಾರಿನ ವೈರು, ಸೆನ್ಸರು, ಇಂಜಿನ್ನಿನ ಕಂಪ್ಯೂಟರು ಇವುಗಳ ರಿಪೇರಿ ನನ್ನ ಕೆಲಸ. ಕಾರು ಕೆಟ್ಟರೆ ಸ್ಕ್ಯಾನರ್ ಚುಚ್ಚಿದ ಕೂಡಲೇ ಎಲ್ಲಿ ನೋವು ಅಂತ ಅದೇ ಹೇಳಿಬಿಡುತ್ತದೆ. ಕಾರಿನವರಿಗೆ ಚುಚ್ಚುವ ಸ್ಕ್ಯಾನರ್ ಮಾತ್ರ ಇನ್ನೂ ಬಂದಿಲ್ಲ. ಬಂದ ದಿನ ಮೊದಲು ಕೊಳ್ಳುವವನು ನಾನೇ.

ಅದಿಲ್ಲದೆ ನಾನು ಪಟ್ಟ ಪಾಡಿನಲ್ಲಿ ಒಂದು ಶುಕ್ರವಾರದ್ದು ಇಲ್ಲಿದೆ.

೧. ಫೋನಿನಲ್ಲಿ ಹೊಗೆ

ಕಲ್ಯಾಣದುರ್ಗದಲ್ಲಿ ನನಗೆ ಗೊತ್ತಿರುವ ಟ್ಯಾಕ್ಸಿಯವನೊಬ್ಬನಿದ್ದಾನೆ. ದಿನಾ ಬೆಳಗ್ಗೆ ಕಲ್ಯಾಣದುರ್ಗದಿಂದ ಕುಂದುರ್ಪಿ ಕಡೆಯ ಸ್ಕೂಲುಗಳಿಗೆ ಟೀಚರಮ್ಮಗಳನ್ನು ಕರೆದುಕೊಂಡು ಹೋಗಿ, ಸಾಯಂಕಾಲ ವಾಪಸ್ಸು ತರುವುದು ಅವನ ಕೆಲಸ. ಆ ಟ್ರಿಪ್ಪಿನಿಂದಲೇ ಅವನ ಮನೆಯಲ್ಲಿ ಒಲೆ ಉರಿಯುವುದು. ಒಂದು ಗುರುವಾರ ಫೋನು ಮಾಡಿದ.

"ಅಣ್ಣ, ಗಾಡಿ ಹೊಗೆ ಬುಡ್ತಾ ಐತೆ ಕಣಣ್ಣ."

"ಯಾವ ಬಣ್ಣ?"

"ಬಿಳಿ."

"ಬಿಳಿ ಹೊಗೆನಾ?"

"ಹೊಗೆ ಕರ್ರಗೈತೆ. ಗಾಡಿ ಬಿಳಿ."

ವಿಷಯ ಇಷ್ಟೇ. ದಾರಿಯಲ್ಲಿ ಯಾರೋ ಆಫೀಸರು ಗಾಡಿ ನಿಲ್ಲಿಸಿ ಪೊಲ್ಯೂಷನ್ ಸರ್ಟಿಫಿಕೇಟ್ ಕೇಳಿದ್ದಾರೆ. ಇವನ ಸರ್ಟಿಫಿಕೇಟಿನ ವಾಯಿದೆ ಮುಗಿದಿದೆ. ಗಾಡಿಯಲ್ಲಿದ್ದ ಹೆಡ್‌ಮೇಡಂಗೆ ತಮ್ಮ ಸ್ಕೂಲಿನ ಮಕ್ಕಳ ತಂದೆತಾಯಿಗಳ ಎದುರು ರೋಡಿನಲ್ಲಿ ನಿಲ್ಲಬೇಕಾಗಿ ಬಂದದ್ದು ದೊಡ್ಡ ಅವಮಾನವಾಗಿದೆ. "ಶನಿವಾರ ಬೆಳಗ್ಗೆ ಗಾಡಿ ಬರೋ ಮುಂಚೆ ಸರ್ಟಿಫಿಕೇಟ್ ನನ್ನ ಫೋನಿಗೆ ಬರಬೇಕು. ಇಲ್ಲದಿದ್ರೆ ಬೇರೆ ಗಾಡಿ ಮಾತಾಡ್ಕೋತೀವಿ" ಎಂದುಬಿಟ್ಟಿದ್ದಾರೆ. ಇವನು ಕಲ್ಯಾಣದುರ್ಗದ ಟೆಸ್ಟಿಂಗ್ ವ್ಯಾನಿನವನ ಹತ್ತಿರ ಹೋದರೆ ಗಾಡಿ ಫೇಲು.

"ಆಫ್ ಮಾಡಿ ಟೆಸ್ಟ್ ಮಾಡಪ್ಪ, ಆವಾಗ ಹೊಗೆ ಬರಕ್ಕಿಲ್ಲ ಅಂದೆ ಕಣಣ್ಣ. ಒಪ್ಪಲೇ ಇಲ್ಲ ನನ್ಮಗ."

ಅಲ್ಲಿಯ ಮೆಕ್ಯಾನಿಕ್ ನೋಡಿ, ಇಂಜಿನ್ ಚೆನ್ನಾಗಿದೆ, ಕಂಪ್ಯೂಟರಿನದೇ ತೊಂದರೆ ಇರಬೇಕು ಅಂದನಂತೆ. ಐಡ್ಲಿಂಗಲ್ಲೂ ಹೊಗೆ ಬರುತ್ತಾ, ರೇಸ್ ಕೊಟ್ಟಾಗ ಮಾತ್ರವಾ ಎಂದು ಕೇಳಿದೆ. "ಇರಣ್ಣ, ತೋರುಸ್ತೀನಿ" ಅಂದ. ಬುರ್ ಎಂದು ಸದ್ದು ಬಂತು. ವಿಡಿಯೋ ಕಾಲ್ ಅಲ್ಲ, ಮಾಮೂಲಿ ಕಾಲ್. ಫೋನನ್ನು ಸೈಲೆನ್ಸರಿಗೆ ಹಿಡಿದು ಕೂಗುತ್ತಿದ್ದ: "ಈಗ ಕಾಣುಸ್ತಾ ಅಣ್ಣ?"

೨. ಶನಿವಾರದ ಕಬ್ಬಿಣ

ಸ್ಕ್ಯಾನರಿಗೆ ಸುದ್ದಿ ಕೊಡುವುದೇ ಕಂಪ್ಯೂಟರು, ಅದೇ ಕೆಟ್ಟಿದ್ದರೆ ಸ್ಕ್ಯಾನರನ್ನು ನಂಬುವ ಹಾಗಿಲ್ಲ. ಕಂಪ್ಯೂಟರ್ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ದಾರಿ, ಅದೇ ಕಂಪನಿಯ ಅದೇ ಮಾಡೆಲಿನ ಇನ್ನೊಂದು ಕಾರಿನ ಕಂಪ್ಯೂಟರ್ ತಂದು ಹಾಕಿ ನೋಡುವುದು. ಹಿಂದೂಪುರದಲ್ಲಿ ಅಂಥ ಕಾರು ನನಗೆ ಗೊತ್ತಿರುವ ಸೀರೆ ವ್ಯಾಪಾರಿಯೊಬ್ಬರದು. ಮೊದಲು ಮಗ್ಗದವರು, ಈಗ ಮನೆಯಲ್ಲಿ ಎರಡು ಮಗ್ಗ, ಬೀದಿಯಲ್ಲಿ ಅಂಗಡಿ. ಅವರ ಕಾರೂ ಬಿಳಿ. ಪಕ್ಕಪಕ್ಕ ನಿಲ್ಲಿಸಿದರೆ ನಂಬರ್ ಪ್ಲೇಟು ನೋಡಿಯೇ ಹೇಳಬೇಕು.

ಶುಕ್ರವಾರ ಸ್ಕೂಲಿಗೆ ರಜೆ. ಬೆಳಗ್ಗೆಯೇ ಟ್ಯಾಕ್ಸಿಯವನು ದಾರಿಯುದ್ದಕ್ಕೂ ಹೊಗೆ ಚೆಲ್ಲಿಕೊಂಡು ಹಿಂದೂಪುರಕ್ಕೆ ಬಂದ. ಇಬ್ಬರೂ ಸೀರೆಯವರ ಮನೆಗೆ ಹೋದೆವು. ಕಂಪ್ಯೂಟರ್ ಅಂದರೆ ಕಾರಿನ ತಲೆ ಎಂದು ಅವರಿಗೆ ವಿಷಯ ಹೇಳಿದ್ದೇ ತಡ, ಅರ್ಥವಾಗಿಬಿಟ್ಟಿತು.

"ಅಂದ್ರೆ ಮಗ್ಗಕ್ಕೆ ಡಿಸೈನ್ ಹೇಳೋ ನಮ್ಮ ಜಕಾರ್ಡಿನ ಕಾರ್ಡ್ ಇದ್ದಂಗೆ ಅನ್ನು. ಈ ಮಗ್ಗದ ಕಾರ್ಡ್ ಆ ಮಗ್ಗಕ್ಕೆ ಹಾಕಿದ್ರೆ ಈ ಸೀರೆ ಆ ಮಗ್ಗದಾಗೆ ಬತ್ತದೆ."

"ಅದೇ ಸಾರ್, ಅದೇ" ಎಂದೆ. ಇಷ್ಟು ಚೆನ್ನಾಗಿ ನಾನು ಯಾರಿಗೂ ಹೇಳಿರಲಿಲ್ಲ.

"ತಗೊಂಡೋಗಪ್ಪ, ಅದಕ್ಕೇನು" ಎಂದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು. ನಾನು ಅಕ್ಕ ಎನ್ನುತ್ತೇನೆ. ಊರಿನವರೂ ಹಾಗೇ ಅನ್ನುವುದು, ಸ್ವಲ್ಪ ಭಯದಿಂದ.

"ಇವತ್ತು ಶುಕ್ರವಾರ. ಮಂಗಳವಾರ ಶುಕ್ರವಾರ ನಮ್ಮನೆಯಿಂದ ಒಂದು ಹಿಡಿ ಉಪ್ಪೂ ಹೊರಗೆ ಕೊಡಲ್ಲ. ಕಾರಿನ ತಲೆ ಕೊಡಾಕಾಗ್ತದಾ?"

ಯಜಮಾನರು ಆಗಲೇ ತಲೆ ಬಗ್ಗಿಸಿ ಸೀರೆ ಮಡಿಸತೊಡಗಿದ್ದರು. ನಾನು, "ನಾಳೆ ಬೆಳಿಗ್ಗೆ ಬೇಗ ಕೊಡಿ ಅಕ್ಕ, ಹೆಂಗೋ ಓಡಿಸಿಕೊಂಡು ಹೋಗ್ತಾನೆ" ಎಂದೆ.

"ನಾಳೆ ಶನಿವಾರ. ಕಬ್ಬಿಣ ಕೈ ಬದಲಾಯ್ಸಬಾರದು."

"ಅದು ಕಬ್ಬಿಣ ಅಲ್ಲಕ್ಕ, ಅಲ್ಯೂಮಿನಿಯಂ ಪೆಟ್ಟಿಗೆ."

ಅಕ್ಕ ಸ್ವಲ್ಪ ಯೋಚನೆ ಮಾಡಿದರು. ಟ್ಯಾಕ್ಸಿಯವನ ಮುಖದಲ್ಲಿ ಆಸೆ ಮೂಡಿತು.

"ಶನಿದೇವರು ಸ್ಕ್ರೂ ಬಿಚ್ಚಿ ನೋಡ್ತಾನಾ?" ಎಂದರು.

೩. ಗೊಂಚಲು

ಟ್ಯಾಕ್ಸಿಯವನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟ. "ಅಕ್ಕಾ, ನಾಳೆ ಆ ಟ್ರಿಪ್ ಕೈ ಬಿಟ್ಟೋದ್ರೆ ನಾನು ಗಾಡಿ ಮಾರಿ ಕುರಿ ಕಾಯಾಕೆ ಹೋಯ್ತೀನಿ. ನಂಗೆ ಕುರಿಗಳಂದ್ರೆ ಭಯ ಕಣಕ್ಕ" ಎಂದ. ನಿಜಕ್ಕೂ ಅಳುವ ಹಾಗಿದ್ದ. ನನಗೂ ಪಾಪ ಅನ್ನಿಸಿತು.

ಅಕ್ಕನಿಗೂ ಅನ್ನಿಸಿತೇನೋ. ಆದರೆ ನಿಯಮ ನಿಯಮವೇ. ದಾರಿ ಅವರೇ ಕಂಡುಹಿಡಿದರು. "ಪೆಟ್ಟಿಗೆ ಹೊಸಿಲು ದಾಟಬಾರದು ಅಷ್ಟೇ. ನಿನ್ನ ಗಾಡಿನೇ ನಮ್ಮ ಕಾಂಪೌಂಡ್ ಒಳಗೆ ಬರ್ಲಿ. ಬಂದೋರಿಗೆ ಬ್ಯಾಡ ಅಂತ ಯಾವ ದೇವರೂ ಹೇಳಿಲ್ಲ."

ಗಾಡಿ ಒಳಗೆ ಬಂತು. ಟ್ಯಾಕ್ಸಿಯ ಕಂಪ್ಯೂಟರ್ ಬಿಚ್ಚಿದೆ. ಮೇಲೆ ಕುಂಕುಮ ಮೆತ್ತಿಕೊಂಡಿತ್ತು. ನಮ್ಮ ಕಡೆ ಕುಂಕುಮವಿಲ್ಲದ ಪಾರ್ಟನ್ನು ನಾನು ಕಂಡೇ ಇಲ್ಲ, ಒರೆಸಿ ಪಕ್ಕಕ್ಕಿಟ್ಟೆ. ಅಕ್ಕನ ಕಾರಿನದನ್ನು ಬಿಚ್ಚಿ ಹಾಕಿದೆ. ಸ್ಟಾರ್ಟ್ ಆಗಲಿಲ್ಲ. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಈ ಕಂಪ್ಯೂಟರುಗಳು ತಮ್ಮ ಕಾರಿನ ಕೀಯನ್ನು ಮಾತ್ರ ಗುರುತಿಸುತ್ತವೆ. ಕೀಯೊಳಗೆ ಒಂದು ಚಿಪ್ ಇರುತ್ತದೆ, ಅದನ್ನು ಓದುವ ಒಂದು ರಿಂಗು ಸ್ಟಿಯರಿಂಗಿನ ಹತ್ತಿರ ಇರುತ್ತದೆ. ರಿಂಗನ್ನೂ ಅದರ ಪುಟ್ಟ ಡಬ್ಬಿಯನ್ನೂ ಅಕ್ಕನ ಕಾರಿನಿಂದ ಬಿಚ್ಚಿ ತಂದೆ. ಇನ್ನು ಬೇಕಾಗಿದ್ದದ್ದು ಅಕ್ಕನ ಕಾರಿನ ಕೀ.

"ಕೀ ಕೊಡಿ ಸಾರ್" ಎಂದೆ. ಯಜಮಾನರು ಅಕ್ಕನ ಸೊಂಟ ನೋಡಿದರು. ಸೊಂಟದಲ್ಲಿ ಬೆಳ್ಳಿಯ ಗೊಂಚಲು. ಬೀರು, ಉಗ್ರಾಣ, ಅಂಗಡಿ, ಕಾರು ಎಲ್ಲದರ ಕೀಗಳೂ ಅದರಲ್ಲೇ.

"ಶುಕ್ರವಾರ ಗೊಂಚಲು ನನ್ನ ಸೊಂಟ ಬಿಡಲ್ಲ" ಎಂದರು ಅಕ್ಕ. ಹೇಳುತ್ತಲೇ ಟ್ಯಾಕ್ಸಿಯ ಮುಂದಿನ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು ಕೂತರು.

ನಾನು ವೈರು ಉದ್ದ ಮಾಡಿ ರಿಂಗನ್ನು ಅವರ ಕೈಗೆ ಕೊಟ್ಟೆ. ಅವರು ಗೊಂಚಲನ್ನು ಅದಕ್ಕೆ ತಾಗಿಸಿ ಹಿಡಿದರು. ಟ್ಯಾಕ್ಸಿಯವನು ತನ್ನ ಕೀ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟಾಯಿತು. ಹೊಗೆಯ ಸುಳಿವೇ ಇಲ್ಲ.

ಯಜಮಾನರು ಬೆರಗಾಗಿ ನೋಡುತ್ತಿದ್ದರು. "ನಮ್ಮ ಮನೇಲೂ ಹಂಗೇ ಕಣಪ್ಪ" ಎಂದರು ನನಗೆ ಮಾತ್ರ ಕೇಳುವಂತೆ, "ಆಯಮ್ಮ ಕೂತ್ಕಂಡ್ರೇನೇ ಎಲ್ಲಾ ಸ್ಟಾರ್ಟ್ ಆಗೋದು."

೪. ಅಂಗಳಕ್ಕೆ ಬಂದ ವ್ಯಾನು

ಕಂಪ್ಯೂಟರಿನದೇ ತೊಂದರೆ ಎಂದು ಗೊತ್ತಾಯಿತು. ನನ್ನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಟ್ಯಾಕ್ಸಿಯವನಿಗೆ ಮಾತ್ರ ಬೇರೆಯೇ ಹೊಳೆಯಿತು.

"ಅಣ್ಣ, ಹೊಗೆ ಇಲ್ಲ ಅಲ್ವಾ. ಇಂಗೇ ಟೆಸ್ಟ್ ಮಾಡಿಸ್ಬುಡಾನ."

"ತಲೆ ಅವರದು, ಸರ್ಟಿಫಿಕೇಟ್ ನಿಂದಾ?"

"ಗಾಡಿ ನಂದೇ ಅಲ್ವಾ?"

ಇದು ನ್ಯಾಯವಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕನಿಗಂತೂ ಆ ಹೊತ್ತಿಗೆ ಈ ಗಾಡಿಯನ್ನು ಪಾಸು ಮಾಡಿಸುವುದೇ ಹಠವಾಗಿಬಿಟ್ಟಿತ್ತು. ಗಾಡಿ ಹೊರಗೆ ಹೋಗುವ ಹಾಗಿಲ್ಲ, ಒಳಗೆ ಅವರ ಮನೆಯ ಪೆಟ್ಟಿಗೆ ಇದೆ. ಹಾಗಾಗಿ ಊರಿನ ಟೆಸ್ಟಿಂಗ್ ವ್ಯಾನನ್ನೇ ಮನೆಗೆ ಕರೆಸಿದರು. ವ್ಯಾನಿನವನು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲುವವನು, ಮನೆಮನೆಗೆ ಹೋಗಿ ಅಭ್ಯಾಸವಿಲ್ಲ. ಬಂದು ಅಂಗಳದ ರಂಗೋಲಿ ತುಳಿಯದ ಹಾಗೆ ನಿಲ್ಲಿಸುವಷ್ಟರಲ್ಲಿ ಅವನಿಗೆ ಬೆವರು ಬಂತು.

ಸೈಲೆನ್ಸರ್ ಪೈಪಿನೊಳಗೆ ಹೊಗೆ ಅಳೆಯುವ ಕಡ್ಡಿ ತೂರಿಸಿದ. ರೇಸ್ ಕೊಡಿ ಅಂದ. ಟ್ಯಾಕ್ಸಿಯವನು ಕಣ್ಣು ಮುಚ್ಚಿಕೊಂಡು ಕೊಟ್ಟ. ಮಿಷನ್ನಿನಲ್ಲಿ ಪಾಸ್ ಎಂದು ಬಂತು. ಮುಂದಕ್ಕೆ ಬಂದು ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ತೆಗೆಯಲು ನಿಂತವನು ಅನುಮಾನಪಟ್ಟ; ಮತ್ತೆ ಸ್ಟಾರ್ಟ್ ಮಾಡಬೇಕಾದರೆ ಇರಲಿ ಎಂದು ಅಕ್ಕ ಗೊಂಚಲು ಹಿಡಿದು ಮುಂದಿನ ಸೀಟಿನಲ್ಲೇ ಕೂತಿದ್ದರು.

"ಅಮ್ಮ ಒಂದ್ನಿಮಿಷ ಇಳೀತಾರಾ?"

"ಯಾಕಪ್ಪ, ನಾನೇನು ಹೊಗೆ ಬುಡ್ತಾ ಇದ್ದೀನಾ?" ಎಂದರು ಅಕ್ಕ.

ಅವನು ತೆಪ್ಪಗೆ ಫೋಟೋ ತೆಗೆದ.

೫. ಅಭಿಷೇಕ

ದೀಪ ಹಚ್ಚುವ ಹೊತ್ತಿಗೆ ಅಕ್ಕನ ಪೆಟ್ಟಿಗೆ ಅವರ ಕಾರಿಗೆ ಮರಳಿತು. ಟ್ಯಾಕ್ಸಿಯವನ ಪೆಟ್ಟಿಗೆಯನ್ನು ಆಗ ಸರಿಯಾಗಿ ನೋಡಿದೆ. ಪಿನ್ನುಗಳೆಲ್ಲ ಹಸಿರುಗಟ್ಟಿದ್ದವು. ಸೆನ್ಸರಿನ ಸುದ್ದಿ ಒಳಗೆ ಸರಿಯಾಗಿ ಹೋಗುತ್ತಿಲ್ಲ, ಕಂಪ್ಯೂಟರು ಸಿಕ್ಕಾಪಟ್ಟೆ ಡೀಸೆಲ್ ಕುಡಿಸುತ್ತಿದೆ, ಅದಕ್ಕೇ ಹೊಗೆ.

"ಇದಕ್ಕೆ ನೀರು ಬಿದ್ದಿದೆಯಲ್ಲೋ. ಮಳೆಯಲ್ಲಿ ನಿಲ್ಲಿಸಿದ್ಯಾ?"

"ನಮ್ಮ ಕಡೆ ಮಳೆ ಎಲ್ಲೈತಣ್ಣ?"

"ಮತ್ತೆ ಇದೇನು?"

ಸ್ವಲ್ಪ ಹೊತ್ತು ಕತ್ತು ಕೆರೆದುಕೊಂಡ. "ಆಯುಧ ಪೂಜೆ ದಿನ ಎಲ್ಲಾರೂ ಬಾನೆಟ್ ಮೇಲೆ ಕುಂಕುಮ ಹಚ್ತಾರೆ. ಗಾಡಿಗೆ ತಲೆ ಅಂದ್ರೆ ಈ ಪೆಟ್ಟಿಗೆ ಅಂತ ನೀನೇ ಹೇಳಿದ್ದೆ ಕಣಣ್ಣ. ಅದಕ್ಕೇ ಬಾನೆಟ್ ಎತ್ತಿ, ತಲೆ ಮೇಲೇನೇ ಕಾಯಿ ಒಡೆದು ನೀರು ಬುಟ್ಟೆ."

ಪಿನ್ನು ತೊಳೆಯುವ ಸ್ಪ್ರೇ ಹೊಡೆದು, ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ ಹಾಕಿದೆ. ಗಾಡಿ ಅವನದೇ ಪೆಟ್ಟಿಗೆಯಲ್ಲಿ ಹೊಗೆಯಿಲ್ಲದೆ ಓಡಿತು. ಅಂದರೆ ಇಡೀ ದಿನದ ಅದಲುಬದಲು, ಗೊಂಚಲು, ವ್ಯಾನು ಯಾವುದೂ ಬೇಕಿರಲಿಲ್ಲ. ನಾನು ಇದನ್ನು ಹೇಳಿದಾಗ ಅಕ್ಕ ನೊಂದುಕೊಳ್ಳಲಿಲ್ಲ. ಟ್ಯಾಕ್ಸಿಯವನನ್ನು ಹತ್ತಿರ ಕರೆದು ಕೇಳಿದರು:

"ಕಾಯಿ ಕೆಟ್ಟಿತ್ತಾ, ಚೆನ್ನಾಗಿತ್ತಾ?"

"ಚೆನ್ನಾಗಿತ್ತಕ್ಕ."

"ಮತ್ತೆ ದೇವರದ್ದೇನೂ ತಪ್ಪಿಲ್ಲ ಬುಡು."

೬. ಮುಂದಿನ ಸೀಟು

ಶನಿವಾರ ಬೆಳಗ್ಗೆ ಅವನು ಸರ್ಟಿಫಿಕೇಟನ್ನು ಹೆಡ್‌ಮೇಡಂ ಫೋನಿಗೆ ಕಳಿಸಿದ. ಮೇಡಂ ಅದನ್ನು ನೋಡಿದರು. ಸರ್ಟಿಫಿಕೇಟಿನ ಮೂಲೆಯಲ್ಲಿ ಗಾಡಿಯ ಫೋಟೋ. ಫೋಟೋದಲ್ಲಿ ನಂಬರ್ ಪ್ಲೇಟು ಎಷ್ಟು ಚೆನ್ನಾಗಿ ಕಾಣುತ್ತಿತ್ತೋ, ಗಾಜಿನ ಹಿಂದೆ ದೊಡ್ಡ ಅಂಚಿನ ಸೀರೆ ಉಟ್ಟು ಕೂತ ಅಕ್ಕನೂ ಅಷ್ಟೇ ಚೆನ್ನಾಗಿ ಕಾಣುತ್ತಿದ್ದರು.

ಆ ಗಾಡಿಯ ಮುಂದಿನ ಸೀಟು ಹೆಡ್‌ಮೇಡಂದು. ಉಳಿದ ಟೀಚರಮ್ಮಗಳು ಹಿಂದೆ ಒತ್ತಿಕೊಂಡು ಕೂರುತ್ತಾರೆ. ಮೇಡಂ ರಜಾ ಹಾಕಿದ ದಿನವೂ ಆ ಸೀಟು ಖಾಲಿಯಾಗಿಯೇ ಕುಂದುರ್ಪಿಗೆ ಹೋಗಿ ಬರುತ್ತದಂತೆ.

ನನಗೆ ಫೋನು ಬಂತು. "ಅಣ್ಣ, ಪೊಲ್ಯೂಷನ್ ಒಪ್ಪಿದ್ರು. ಆದ್ರೆ ಮುಂದಿನ ಸೀಟು ಬೇರೆ ಸ್ಕೂಲಿನ ಮೇಡಂಗೆ ಮಾರ್ಕಂಡಿದ್ದೀಯ, ಗವರ್ಮೆಂಟ್ ಸರ್ಟಿಫಿಕೇಟಲ್ಲೇ ಐತೆ, ಟ್ರಿಪ್ ಕ್ಯಾನ್ಸಲ್ ಅಂತಾವ್ರೆ. ಬೀಗದಕೈ ಗೊಂಚಲು, ಶುಕ್ರವಾರ ಅಂತೆಲ್ಲಾ ಹೇಳ್ದೆ. ಕುಡಿದಿದ್ದೀಯಾ ಅಂತ ಕೇಳಿದ್ರು."

ನಾನು ಫೋನನ್ನು ತೆಗೆದುಕೊಂಡು ಹೋಗಿ ಅಕ್ಕನ ಕೈಗೆ ಕೊಟ್ಟೆ. ಅವರು ಅವನ ಹತ್ತಿರ ನಂಬರ್ ಕೇಳಿ ಮೇಡಂಗೇ ಫೋನು ಮಾಡಿದರು. ಹೊಸಿಲು, ಉಪ್ಪು, ಪೆಟ್ಟಿಗೆ, ಗೊಂಚಲು ಎಲ್ಲವನ್ನೂ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಕಡೆಗೆ, "ನಿಮ್ಮ ಸೀಟು ನಂಗ್ಯಾಕಮ್ಮ, ಸ್ಪ್ರಿಂಗು ಬೇರೆ ಚುಚ್ಚುತ್ತೆ" ಎಂದರು. ದಿನಾ ಆ ಸೀಟಿನಲ್ಲಿ ಕೂರುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆಮೇಲೆ ಮೇಡಂ ಕೇಳಿದರು: "ಅದೆಲ್ಲ ಸರಿ. ಆ ಸೀರೆ ನಿಮ್ಮ ಅಂಗಡೀದೇನಾ?"

ಟ್ರಿಪ್ ಉಳಿಯಿತು. ಭಾನುವಾರ ಅಷ್ಟೂ ಟೀಚರಮ್ಮಗಳು ಅದೇ ಗಾಡಿಯಲ್ಲಿ ಹಿಂದೂಪುರಕ್ಕೆ ಬಂದು ಅಕ್ಕನ ಅಂಗಡಿಯಲ್ಲಿ ಸೀರೆ ಕೊಂಡರು. ಕೊಂಡ ಮೇಲೆ ಹೆಡ್‌ಮೇಡಂ ಒಂದು ಷರತ್ತು ಹಾಕಿದರು: ಆ ಸರ್ಟಿಫಿಕೇಟ್ ಬೇಡ, ಹೊಸದಾಗಿ ಟೆಸ್ಟ್ ಆಗಬೇಕು, ಮುಂದಿನ ಸೀಟಿನಲ್ಲಿ ತಾವಿರಬೇಕು. ನನಗೂ ಇದು ಸರಿಯೆನಿಸಿತು. ಗಾಡಿ ತನ್ನ ಸ್ವಂತ ತಲೆಯಲ್ಲಿ ಒಂದು ಸಲವಾದರೂ ಪಾಸಾಗಲಿ ಎಂಬ ಆಸೆ ನನಗಿತ್ತು.

ವ್ಯಾನಿನವನು ಪೆಟ್ರೋಲ್ ಬಂಕಿನ ಹತ್ತಿರ ನಿಂತಿದ್ದ. ಮೇಡಂ ಹೊಸ ಸೀರೆಯನ್ನು ಹೆಗಲ ಮೇಲೆ ಹೊದ್ದು ಮುಂದೆ ಕೂತರು. ಹಿಂದಿನವರೆಲ್ಲ ನಡುವಿನ ಸಂದಿಯಿಂದ ತಲೆ ತೂರಿಸಿದರು. ಟ್ಯಾಕ್ಸಿಯವನು ರೇಸ್ ಕೊಟ್ಟ. ಹೊಗೆ ಇಲ್ಲ, ಪಾಸು. ಅವನು ಸ್ಟಿಯರಿಂಗಿಗೆ ಕೈ ಮುಗಿದ. ವ್ಯಾನಿನವನು ಫೋಟೋ ತೆಗೆದು, ಸರ್ಟಿಫಿಕೇಟ್ ಪ್ರಿಂಟ್ ಮಾಡಿ ಮೇಡಂ ಕೈಗೆ ಕೊಟ್ಟ.

ಮೇಡಂ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಕಾಗದವನ್ನು ಕಿಟಕಿಯಿಂದ ವ್ಯಾನಿನವನಿಗೇ ವಾಪಸ್ಸು ಕೊಟ್ಟರು.

"ಫೋಟೋದಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದೀನಿ ಕಣಪ್ಪ. ಇನ್ನೊಂದ್ಸಲ ಪೈಪಿಗೆ ಕಡ್ಡಿ ಇಡು."